ಸಾಹೇಬರ ಕ್ಲಬ್ಬಿನಲ್ಲಿ ಒಂದು ‘ವ್ಹಾ’

ಗುಲಾಬಸಾಬನಂಥ ಸಾರಂಗಿ ವಾದಕ ಈ ಸೀಮೆಯಲ್ಲಿ ಇರಲಿಲ್ಲ, ಅವನಂಥ ಹಟಮಾರಿಯೂ ಇರಲಿಲ್ಲ. ಇದನ್ನು ಅವನ ಎದುರಿಗೇ ಎಷ್ಟೋ ಸಲ ಹೇಳಿದ್ದೇನೆ; ಬೆನ್ನ ಹಿಂದೆ ಆಡುವವನು ಈ ಶಾಂತಯ್ಯನಲ್ಲ. ಹಳೇ ಹುಬ್ಬಳ್ಳಿಯ ಒಂದೇ ಓಣಿಯಲ್ಲಿ ನಮ್ಮಿಬ್ಬರ ಮನೆ. ಅವನ ಸಾರಂಗಿ, ನನ್ನ ತಬಲಾ. ಮೂವತ್ತು ವರ್ಷ ಊರೂರು ತಿರುಗಿ ಹಾಡುವವರ ಹಿಂದೆ ಕೂತವರು ನಾವು. ಹಾರ್ಮೋನಿಯಂ ಪೇಟಿ ಬಂದು ಸಾರಂಗಿಯನ್ನು ಮೂಲೆಗೆ ತಳ್ಳಿದ ಮೇಲೂ ಅವನು ದಿನಾ ಬೆಳಿಗ್ಗೆ ಎರಡು ತಾಸು ಕಮಾನು ಹಿಡಿಯುತ್ತಿದ್ದ. ಎದುರಿಗೆ ಮಗ ಗೌಸಮೊದ್ದೀನ ಕೂತು ಕಲಿಯುತ್ತಿದ್ದ.

ಹುಡುಗ ದೊಡ್ಡವನಾಗಿ ರೇಲ್ವೆ ವರ್ಕಶಾಪಿನಲ್ಲಿ ಫಿಟ್ಟರ್ ಆದ. ಹೊಟ್ಟೆಪಾಡು, ಅದಕ್ಕೆ ಅಪ್ಪ ಏನೂ ಅನ್ನಲಿಲ್ಲ. ಆದರೆ ಅಲ್ಲಿ ರೆಬೆಲೊ ಎಂಬ ಗೋವೆಯ ಫೋರ್‌ಮನ್ ಇದ್ದ. ಸಂಜೆ ಹೊತ್ತು ಹತ್ತಿಪ್ಪತ್ತು ಜನರನ್ನು ಕೂಡಿಸಿ ಸಾಹೇಬರ ಸಂಗೀತ ನುಡಿಸುವವನು. ಅವನು ನಮ್ಮ ಹುಡುಗನ ಕೈ ನೋಡಿ, ಆಳೆತ್ತರದ ಒಂದು ಪಿಟೀಲು ಕೊಟ್ಟು ಕೂಡಿಸಿದ. ಅದಕ್ಕೆ ಚೆಲ್ಲೊ ಅನ್ನುತ್ತಾರಂತೆ. ಒಂದು ದಿನ ಹುಡುಗ ಮನೆಗೆ ಬಂದು, ಇನ್ನು ಮೇಲೆ ತಾನು ಅದನ್ನೇ ನುಡಿಸುವುದೆಂದು ಅಪ್ಪನಿಗೆ ಹೇಳಿದ. ನಾನೂ ಅಲ್ಲೇ ಚಹಾ ಕುಡಿಯುತ್ತ ಕೂತಿದ್ದೆ. ಗುಲಾಬಸಾಬ ಮಗನ ಕಡೆ ನೋಡದೆ ನನ್ನ ಕಡೆ ತಿರುಗಿದ.

“ಸಾರಂಗಿ ಬಿಟ್ಟವನ ಜೋಡಿ ನನಗ ಮಾತಿಲ್ಲ. ಶಾಂತಯ್ಯಾ, ಅವಗ ಹೇಳು.”

ಹುಡುಗ ಎರಡು ಮೊಳ ದೂರದಲ್ಲಿ ನಿಂತಿದ್ದ. ಅವನಿಗೆ ನಾನು ಹೇಳುವುದೇನು ಬಂತು, ಮಣ್ಣು! ಗೌಸಮೊದ್ದೀನ ಕೇಶ್ವಾಪುರದ ಕಡೆ ಒಂದು ಖೋಲಿ ಹಿಡಿದ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಅಪ್ಪ ಮಗನ ಜಗಳದಲ್ಲಿ ಬಡವಾದವನು ನಾನು. ಎರಡು ವರ್ಷ ಇವನ ಮಾತು ಅವನಿಗೆ, ಅವನ ಮಾತು ಇವನಿಗೆ ಹೊತ್ತು ನನ್ನ ಚಪ್ಪಲಿ ಸವೆದವು.

ಮೂವತ್ತೇಳನೇ ಇಸವಿಯ ಚಳಿಗಾಲದಲ್ಲಿ ಗೌಸಮೊದ್ದೀನ ನನ್ನನ್ನು ಕರೆಸಿದ. ರವಿವಾರ ಸಂಜೆ ರೇಲ್ವೆ ಸಾಹೇಬರ ಕ್ಲಬ್ಬಿನಲ್ಲಿ ರೆಬೆಲೊನ ಮೇಳ. ಇಪ್ಪತ್ತೆರಡು ವಾದ್ಯ, ನಡುವೆ ಇವನೊಬ್ಬನೇ ನುಡಿಸುವ ಒಂದು ಭಾಗ. ತನ್ನ ಅಬ್ಬಾ ಬರಬೇಕು, ಒಮ್ಮೆ ಕೇಳಬೇಕು, ಇಷ್ಟೇ ಅವನ ಆಸೆ. ಆಮೇಲೆ ತಲೆ ತಗ್ಗಿಸಿ ಇನ್ನೊಂದು ಮಾತು ಹೇಳಿದ. ಅಲ್ಲಿ ನುಡಿಸುವಾಗ ಯಾರೂ ಉಸಿರೆತ್ತುವುದಿಲ್ಲ, ಮೆಚ್ಚಿದರೂ ಸುಮ್ಮನಿರಬೇಕು, ಎಲ್ಲ ಮುಗಿದ ಮೇಲೆ ಚಪ್ಪಾಳೆ. ಇದನ್ನು ಅಬ್ಬಾಗೆ ಮೊದಲೇ ತಿಳಿಸಿ ಕರೆತರಬೇಕು.

ನಮ್ಮ ಮೆಹಫಿಲಿನ ರೀತಿ ಬಲ್ಲವರಿಗೆ ಇದರ ಕಷ್ಟ ತಿಳಿಯುತ್ತದೆ. ನಮ್ಮಲ್ಲಿ ಒಂದು ಜಾಗ ಚೆನ್ನಾಗಿ ಬಂತೆಂದರೆ ಹಿರಿಯರು ಆಗಿಂದಾಗಲೇ ‘ವ್ಹಾ’ ಅನ್ನಬೇಕು. ನುಡಿಸುವವನು ಕೈಯೆತ್ತಿ ಹಣೆಗೆ ಮುಟ್ಟಿಸಿ ಅದನ್ನು ಒಪ್ಪಿಕೊಳ್ಳಬೇಕು. ಮಂದಿ ಬಾಯಿಗೆ ಬೀಗ ಹಾಕಿ ಕೂತರೆ ಅದು ಅವಮಾನ. ಧಾರವಾಡದಲ್ಲಿ ಒಮ್ಮೆ ಹಾಗೆ ಕೂತ ಸಭೆಯಿಂದ ಗುಲಾಬಸಾಬ ಅರ್ಧಕ್ಕೇ ಸಾರಂಗಿಗೆ ಗವಸು ಹಾಕಿ ಎದ್ದು ಬಂದಿದ್ದ. ‘ಅಲ್ಲಿ ಸುಮ್ಮನಿರಬೇಕಪ್ಪಾ’ ಎಂದು ನಾನು ಹೇಳಿದರೆ, ‘ಯಾರರ ಸತ್ತಾರೇನು’ ಎಂದು ಕೇಳಿ ಮನೆಯಲ್ಲೇ ಕೂಡುವ ಆಸಾಮಿ ಅವನು. ಆದ್ದರಿಂದ ಆ ಮಾತನ್ನು ನಾನು ನುಂಗಿಬಿಟ್ಟೆ. ಸಮಯ ಬಂದಾಗ ಕೈ ಹಿಡಿದು ಕೂಡಿಸಿದರಾಯಿತು ಅಂದುಕೊಂಡೆ.

ಅವನ ಹೆಂಡತಿ ಅಮೀನಾಬಿ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದಳು. “ಅಯ್ಯಾರ, ಹೆಂಗರ ಮಾಡಿ ಕರಕೊಂಡ ಹೋಗ್ರಿ. ಎರಡು ವರ್ಸಾತು, ನಮ್ಮ ಮನ್ಯಾಗ ಈದ್ ಅನ್ನೂದ ಆಗಿಲ್ರಿ.” ಒಳಗೆ ಹೋಗಿ, ಸಾಹೇಬರ ಹತ್ತಿರ ಮನುಷ್ಯನಷ್ಟು ದೊಡ್ಡ ಸಾರಂಗಿ ಇದೆಯಂತೆ, ನೋಡಿ ನಕ್ಕು ಬರೋಣ ನಡಿ ಅಂದೆ. ಗುಲಾಬಸಾಬ ಬಹಳ ಹೊತ್ತು ಮೀಸೆ ಎಳೆದ. ಮಗನ ಹೆಸರೆತ್ತಲಿಲ್ಲ. ಆದರೆ ರವಿವಾರ ನಾನು ಹೋಗುವಷ್ಟರಲ್ಲಿ ಒಗೆದ ಶೇರವಾನಿ ತೊಟ್ಟು, ಅತ್ತರು ಹಚ್ಚಿ ಕಟ್ಟೆಯ ಮೇಲೆ ಕೂತಿದ್ದ.

ಕ್ಲಬ್ಬಿನಲ್ಲಿ ನಮಗೆ ಕೊನೆಯ ಸಾಲಿನ ಬೆಂಚು ಸಿಕ್ಕಿತು. ಎತ್ತರದ ಕಿಟಕಿಗಳಿಂದ ಇಳಿಬಿಸಿಲು ಒಳಗೆ ಬಂದು ಮರದ ನೆಲದ ಮೇಲೆ ಬಿದ್ದಿತ್ತು. ರೆಬೆಲೊ ಒಂದು ಸಣ್ಣ ಕೋಲು ಎತ್ತಿದ. ಇಪ್ಪತ್ತೆರಡು ಜನ ಒಟ್ಟಿಗೆ ಉಸಿರು ತೆಗೆದುಕೊಂಡರು.

ಆಮೇಲಿನದು ನನಗೆ ಇವತ್ತಿಗೂ ಕನಸೋ ಖರೆಯೋ ಅನಿಸುತ್ತದೆ. ತಬಲಾ ಇಲ್ಲ, ತಾಳವನ್ನು ಯಾರೂ ಬಾರಿಸಿ ತೋರಿಸುತ್ತಿಲ್ಲ, ಆದರೂ ಎಲ್ಲ ಕೂಡಿ ನಡೆಯುತ್ತಿದೆ. ನೂರು ವರ್ಷದ ಹಿಂದೆ ಜರ್ಮನಿಯ ಒಬ್ಬನು ಬರೆದಿಟ್ಟದ್ದಂತೆ. ಒಂದು ದನಿ ಏಳುತ್ತದೆ, ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಸಣ್ಣವನಿದ್ದಾಗ ಅರಳೆ ತುಂಬಿದ ಚಕ್ಕಡಿಯ ಮೇಲೆ ಅಂಗಾತ ಮಲಗಿ ಉಪ್ಪಿನಬೆಟಗೇರಿಯಿಂದ ಬೆಳಗಿನ ಜಾವ ಬರುತ್ತಿದ್ದೆನಲ್ಲ, ಹಾಗಾಯಿತು ನನಗೆ. ಮೈ ಎಲ್ಲಿದೆಯೋ ತಿಳಿಯದು, ಮೇಲೆ ಆಕಾಶ ಮಾತ್ರ ಸರಿಯುತ್ತಿದೆ. ತೀರಿಹೋದ ನನ್ನ ಅವ್ವ ಪಕ್ಕದಲ್ಲಿ ನಡೆದು ಬರುತ್ತಿದ್ದಾಳೆ ಅನಿಸಿತು. ಅವಳು ಏನೋ ಹೇಳುತ್ತಿದ್ದಳು, ನನಗೆ ಕೇಳಿಸುತ್ತಿರಲಿಲ್ಲ, ಆದರೂ ಸುಖವಾಗಿತ್ತು. ಕಣ್ಣು ಯಾವಾಗ ಮುಚ್ಚಿದೆನೋ ಗೊತ್ತಿಲ್ಲ.

ಕಣ್ಣು ತೆರೆದಾಗ ಉಳಿದವರು ತಗ್ಗಿದ ದನಿಗೆ ಇಳಿದಿದ್ದರು. ಅದರ ಮೇಲೆ ಗೌಸಮೊದ್ದೀನ ತನ್ನ ಭಾಗ ನುಡಿಸುತ್ತಿದ್ದ. ಆ ದೊಡ್ಡ ವಾದ್ಯವನ್ನು ಮೊಣಕಾಲ ನಡುವೆ ಹಿಡಿದು, ಕಣ್ಣು ಮುಚ್ಚಿ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಬಂದ. ಅಯ್ಯೋ ಶಿವನೇ, ಅದು ಗುಲಾಬಸಾಬನ ಮೀಂಡ. ದನಿ ತುಂಡಾಗದೆ, ಅವಸರವಿಲ್ಲದೆ ಇಳಿಯುವ ಆ ರೀತಿಯನ್ನು ಮೂವತ್ತು ವರ್ಷ ಪಕ್ಕದಲ್ಲಿ ಕೂತು ಕೇಳಿದವನು ನಾನು. ಗೋವೆಯ ಫೋರ್‌ಮನ್ ಅದನ್ನು ಕಲಿಸಿರಲಿಕ್ಕೆ ಸಾಧ್ಯವಿಲ್ಲ.

ಪಕ್ಕಕ್ಕೆ ನೋಡಿದೆ. ಗುಲಾಬಸಾಬನ ಬೆರಳು ತೊಡೆಯ ಮೇಲೆ ಅದೇ ಸ್ವರಗಳನ್ನು ಹುಡುಕುತ್ತಿದ್ದವು. ಅವನು ಸಭೆಯನ್ನು ನೋಡುತ್ತಿದ್ದ. ಈ ಸಾಲು, ಆ ಸಾಲು, ಮುಂದಿನ ಕುರ್ಚಿಯ ಸಾಹೇಬರು, ಅವರ ಮೇಡಮ್ಮರು. ಒಬ್ಬರದೂ ತಲೆ ಅಲುಗಲಿಲ್ಲ, ಒಬ್ಬರ ಬಾಯಿಯೂ ತೆರೆಯಲಿಲ್ಲ. ಮಗ ಜೀವ ತೇಯ್ದು ನುಡಿಸುತ್ತಿದ್ದಾನೆ, ಇಷ್ಟು ಮಂದಿಯಲ್ಲಿ ಒಬ್ಬನಾದರೂ ‘ವ್ಹಾ’ ಅನ್ನಲಿಲ್ಲ. ಅವನ ಮುಖ ಕೆಂಪಾದದ್ದು ನೋಡಿ ಕೈ ಹಿಡಿಯಲು ಹೋದೆ. ಅಷ್ಟರಲ್ಲಿ ಅವನು ಎದ್ದು ನಿಂತಿದ್ದ.

“ವ್ಹಾ, ಬೇಟಾ. ವ್ಹಾ.”

ದೊಡ್ಡ ದನಿಯೇ. ಇಡೀ ಸಭೆ ತಿರುಗಿತು. ರೆಬೆಲೊನ ಕೋಲು ಗಾಳಿಯಲ್ಲಿ ತಡವರಿಸಿತು. ನಾನು ಶೇರವಾನಿಯ ತುದಿ ಜಗ್ಗುತ್ತ, ಭೂಮಿ ಬಾಯಿ ಬಿಡಬಾರದೇ ಅನ್ನುತ್ತಿದ್ದೆ. ಗೌಸಮೊದ್ದೀನ ಕಣ್ಣು ತೆರೆದ. ಹೇಳಿ ಕೇಳಿ ಅವನಿಗೆ ಆ ಕ್ಲಬ್ಬಿನ ಕಾಯಿದೆ ಗೊತ್ತು. ಆದರೂ ತಂತಿಯಿಂದ ಕಮಾನು ಎತ್ತಿ, ಕಮಾನು ಹಿಡಿದ ಕೈಯನ್ನೇ ಹಣೆಗೆ ಮುಟ್ಟಿಸಿ ತಲೆ ಬಾಗಿಸಿದ. ತಾಳದ ನಾಲ್ಕು ಮಾತ್ರೆ ಅವನ ಜಾಗ ಖಾಲಿ ಹೋಯಿತು. ಉಳಿದವರು ಅವನನ್ನು ಬಿಟ್ಟು ಮುಂದೆ ನಡೆದರು. ಐದನೆಯದಕ್ಕೆ ಅವನು ಮತ್ತೆ ಒಳಗೆ ಬಂದ.

ಮುಗಿದ ಮೇಲೆ ಚಪ್ಪಾಳೆ ಬಿತ್ತು. ಆಗ ನಾನು, ಸುಮ್ಮನಿರಬೇಕೆಂದು ಮಗ ಹೇಳಿಕಳಿಸಿದ್ದನ್ನು ಮುಚ್ಚಿಟ್ಟ ನನ್ನ ತಪ್ಪು ಒಪ್ಪಿಕೊಂಡೆ. ಗುಲಾಬಸಾಬ ನನ್ನನ್ನು ನುಂಗುವ ಹಾಗೆ ನೋಡಿದ, ಬಯ್ಯಲಿಲ್ಲ. ಇಬ್ಬರೂ ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತೆವು. ಗೌಸಮೊದ್ದೀನ ಬಂದು ಮೂರು ಹೆಜ್ಜೆ ದೂರದಲ್ಲಿ ನಿಂತ. ಹಿಂದಿನಿಂದ ರೆಬೆಲೊ ಬರುತ್ತಿದ್ದ, ಮುಖ ಕಾದ ಹೆಂಚಾಗಿತ್ತು. ಗುಲಾಬಸಾಬ ಅಭ್ಯಾಸಬಲದಿಂದ ನನ್ನ ಕಡೆ ತಿರುಗಿ ಬಾಯಿ ತೆರೆದ. ತೆರೆದವನು ಹಾಗೇ ನಿಂತ. ಆಮೇಲೆ ಮಗನ ಕಡೆ ತಿರುಗಿದ.

“ಎರಡನೇ ಸಲ ಇಳಿಯೂಮುಂದ ಪಂಚಮದ ಮ್ಯಾಲ ಗಡಿಬಿಡಿ ಮಾಡಿದಿ. ಅಲ್ಲೆ ನಿಂದರಬೇಕು. ನಿಂತು, ಆಮ್ಯಾಲ ಇಳಿ.”

ಉಸ್ತಾದರಾದವರು ಪರರ ಶಿಷ್ಯರ ತಪ್ಪು ತಿದ್ದುವುದಿಲ್ಲ. ಹೊಗಳಿ ಸುಮ್ಮನಾಗುತ್ತಾರೆ. ತಿದ್ದುವುದು ತಮ್ಮವರನ್ನು ಮಾತ್ರ. ಇದು ನನಗೆ ಗೊತ್ತಿತ್ತು, ಹುಡುಗನಿಗೂ ಗೊತ್ತಿತ್ತು. ಅವನು ಎರಡು ಹೆಜ್ಜೆ ಮುಂದೆ ಬಂದ.

“ಅಬ್ಬಾ, ಇನ್ನೊಮ್ಮೆ ಹೇಳ್ರಿ.”

ಗುಲಾಬಸಾಬ ಇನ್ನೊಮ್ಮೆ ಹೇಳಿದ. ಈ ಸಲ ಸಣ್ಣ ದನಿಯಲ್ಲಿ ಆ ಜಾಗವನ್ನು ಹಾಡಿಯೇ ತೋರಿಸಿದ, ಸಾಹೇಬರ ಆ ರಾಗವನ್ನು, ಒಂದೇ ಸಲ ಕೇಳಿದ್ದನ್ನು. ಬಯ್ಯಲು ಬಂದ ರೆಬೆಲೊ ನಾಲ್ಕು ಹೆಜ್ಜೆ ಹಿಂದೆಯೇ ನಿಂತುಬಿಟ್ಟ. ಅಷ್ಟು ಸಣ್ಣ ತಿದ್ದುಪಡಿ, ಎಂಥ ಮಂಕನಿಗಾದರೂ ಅಷ್ಟು ಹೊತ್ತಿಗೆ ತಿಳಿಯಬೇಕು. ಆದರೆ ಗೌಸಮೊದ್ದೀನ ಕಣ್ಣು ಒರೆಸಿಕೊಂಡು, ತನಗಿನ್ನೂ ತಿಳಿಯಲಿಲ್ಲ, ಮತ್ತೊಮ್ಮೆ ಹೇಳಬೇಕು ಅಂದ.