ಎಲಿಯೋದೊರೊನ ಬೆನ್ನು

ಮಂಡಿ ಒತ್ತಿದರೆ ತಲೆ ಏಳುತ್ತಿತ್ತು, ತಲೆ ಒತ್ತಿದರೆ ಮಂಡಿ ಏಳುತ್ತಿತ್ತು. ಹೆಣ ಸಿಂಗರಿಸುವ ಪಚೆಕೊ ಮೂರನೆಯ ಸಲವೂ ಸೋತು ಕೈಬಿಟ್ಟು, ಕರ್ಚೀಫಿನಲ್ಲಿ ಹಣೆ ಒರೆಸಿಕೊಂಡ.

"ಇದು ನಲವತ್ತು ವರ್ಷದ ಬಾಗು ಕಣಮ್ಮ. ಜಗ್ಗೋದೇ ಇಲ್ಲ ಅಂತದೆ."

ಅಪ್ಪನ ತಲೆ ಹಿಡಿದುಕೊಂಡಿದ್ದ ಇರ್ಮಾ ಅದನ್ನು ಮೆಲ್ಲಗೆ ದಿಂಬಿಗಿಳಿಸಿದಳು. "ಬೇರೆ ದಾರಿ ಇಲ್ವಾ?"

"ಇದೆ. ಮಂಡಿ ಹಿಂದೆ, ಸೊಂಟದ ಹತ್ತಿರ ಸ್ವಲ್ಪ ಕುಯ್ಯಬೇಕು. ಆಮೇಲೆ ಪಟ್ಟಿ ಬಿಗಿದ್ರೆ ಹಲಗೆ ಥರ ಮಲಗ್ತಾರೆ. ಸೂಟಿನೊಳಗೆ ಏನೂ ಕಾಣಲ್ಲ. ಆದ್ರೆ ಮನೆಯವರ ಸಹಿ ಬೇಕು. ಎರಡು ಗಂಟೆಗೆ ಜನ ಬರ್ತಾರೆ, ಬೇಗ ಹೇಳಿ."

ಕಾಗದ ಮೇಜಿನ ಮೇಲಿತ್ತು. ಪಕ್ಕದಲ್ಲಿ ಹೊಸ ಕಪ್ಪು ಸೂಟು. ಅಪ್ಪ ಎಲಿಯೋದೊರೊ ಬದುಕಿದ್ದಾಗ ಸೂಟು ಹಾಕಿದವನಲ್ಲ. ಹಾಕಿದರೆ ಮುಂದಿನ ಅಂಚು ಮಂಡಿ ಮುಟ್ಟುತ್ತದೆ, ಹಿಂದಿನದು ಸೊಂಟಕ್ಕೇರುತ್ತದೆ, ಕೋಳಿ ಥರ ಕಾಣ್ತೀನಿ ಎಂದು ನಗುತ್ತಿದ್ದ.

ಬಾಗಿಲ ಬಳಿ ಜಪಮಾಲೆ ಹಿಡಿದು ಕೂತಿದ್ದ ಅಮ್ಮ ನಿಕೊಲಾಸಾ ಕೇಳಿದಳು, "ಸಹಿ ಹಾಕ್ತೀಯಾ?"

"ಹಾಕ್ತೀನಮ್ಮ. ಇವತ್ತೊಂದು ದಿನನಾದ್ರೂ ಎಲ್ಲರೂ ಅಪ್ಪನ್ನ ನೆಟ್ಟಗೆ ನೋಡ್ಲಿ."

ಅಮ್ಮನ ಬೆರಳಿನಿಂದ ಮಣಿಯೊಂದು ಜಾರಿತು.

* * *

ಇರ್ಮಾಳಿಗೆ ಆಗ ಹದಿಮೂರು. ಎಂಟನೇ ತರಗತಿ ಪಾಸಾದವರಿಗೆ ಶಾಲೆಯಲ್ಲಿ ಸಮಾರಂಭ. ಎಲಿಯೋದೊರೊ ಲೆಟಿಸ್ ಹೊಲದಿಂದ ನೇರ ಬಂದಿದ್ದ. ನಲ್ಲಿಯಲ್ಲಿ ಕೈಕಾಲು ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡಿದ್ದ.

"ಸ್ವಲ್ಪ ನೆಟ್ಟಗೆ ನಿಲ್ಲಿ ಸರ್," ಎಂದ ಫೋಟೋದವನು.

ಎಲಿಯೋದೊರೊ ಉಸಿರು ಕಟ್ಟಿ ಪ್ರಯತ್ನಿಸಿದ. ಗದ್ದ ಮೇಲೆದ್ದಿತು, ಬೆನ್ನು ಏಳಲಿಲ್ಲ. ಹಿಂದೆ ನಿಂತಿದ್ದ ಹುಡುಗಿಯರು ಕಿಸಕ್ಕೆಂದರು.

"ಅಪ್ಪ, ನೀನು ಆ ಕಡೆ ಹೋಗು. ನಾನು ಅಮ್ಮ ಸಾಕು."

ಅವನು ಹೋದ. ಮಗಳ ಸ್ವೆಟರನ್ನು ಮಡಿಸಿ ತೋಳಿನ ಮೇಲೆ ಹಾಕಿಕೊಂಡು, ಅದು ಕಸಿವಿಸಿಯ ವಿಷಯವೇ ಅಲ್ಲ ಎಂಬಂತೆ, ಬೇಲಿಯ ಬಳಿ ನಿಂತು ಕೈ ಬೀಸಿದ. ಆ ಮಾತನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲೇ ಇಲ್ಲ. ನಾಳೆ ತೆಗೆದುಕೊಂಡರಾಯಿತು ಎನ್ನುತ್ತಲೇ ಇಪ್ಪತ್ತೆಂಟು ವರ್ಷ ಕಳೆದವು.

* * *

ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಊರುಗೋಲಿನ ಸದ್ದಾಯಿತು. ಒಳಗೆ ಬಂದವನು ಬುಚೊ, ಅಪ್ಪನ ಜೊತೆ ಒಂದೇ ಸಾಲಿನಲ್ಲಿ ಕಳೆ ಕಿತ್ತವನು. ಅವನದೂ ಅದೇ ಬಾಗು.

"ಇವು ಪಚೆಕೊನ ಬೂಟು. ಇವು ನಮ್ಮ ಇರ್ಮಾದು," ಎಂದ ನೆಲ ನೋಡುತ್ತ. "ಜನರ ಮುಖ ನೋಡೋದು ಬಿಟ್ಟು ಎಷ್ಟೋ ಕಾಲ ಆಯ್ತು. ಕಾಲು ನೋಡೇ ಯಾರು ಅಂತೀನಿ, ಮುಖಕ್ಕಿಂತ ಸುಳ್ಳು ಕಡಿಮೆ. ಏನು ಬರೀತಿದೀಯ ಮಗಳೇ?"

ಇರ್ಮಾ ಹೇಳಿದಳು. ಬುಚೊ ಕುರ್ಚಿ ಎಳೆದುಕೊಂಡು ಕೂತ.

"ಆ ಬೆನ್ನನ್ನ ಕುಯ್ಯಿಸ್ತೀಯಾ? ಅದು ಸಾಕ್ಷಿ ಹೇಳಿದ ಬೆನ್ನು ಕಣೇ."

"ಯಾವ ಸಾಕ್ಷಿ?"

"ನಿಕೊಲಾಸಾ! ಇವಳಿಗೆ ಹೇಳೇ ಇಲ್ವಾ?"

"ಹೇಳಬೇಡ ಅಂದಿದ್ದ," ಎಂದಳು ಅಮ್ಮ. "ಆ ವರ್ಷ ಕೆಲಸ ಹೋಯ್ತು, ಒಂದು ವರ್ಷ ಊರು ಬಿಟ್ಟಿದ್ವಿ, ಇವಳ ಶಾಲೆ ತಪ್ತು. ತನ್ನಿಂದಾನೇ ಅಂತ ಗೊತ್ತಾದ್ರೆ ಹುಡುಗಿ ಮಾತು ಬಿಡ್ತಾಳೆ ಅಂತ ಹೆದರಿದ್ದ."

ಇರ್ಮಾ ತಾಯಿಯನ್ನೇ ನೋಡಿದಳು. "ಆಗ ಅಪ್ಪ, ಹಲ್ಲು ಕೀಳಿಸೋಕೆ ರಾಜಧಾನಿಗೆ ಹೋಗಿದ್ದೆ ಅಂದಿದ್ರಲ್ಲ?"

"ಹಲ್ಲಾ!" ಬುಚೊ ನಕ್ಕುಬಿಟ್ಟ. "ಬಾಯಿ ತೆಗೆದು ಎಣಿಸ್ಕೋ. ಒಂದೂ ಅಲ್ಲಾಡಿಲ್ಲ."

* * *

ರಾಜಧಾನಿಯ ಸರ್ಕಾರಿ ಕಚೇರಿ, ಗಿಡ್ಡ ಗುದ್ದಲಿಯನ್ನು ನಿಷೇಧಿಸಬೇಕೇ ಎಂಬ ವಿಚಾರಣೆ. ಹಸಿರು ರತ್ನಗಂಬಳಿ ಹಾಸಿದ ಕೋಣೆ, ಉದ್ದನೆಯ ಮೇಜು, ಅದರ ಹಿಂದೆ ಐದು ಜನ ಅಧಿಕಾರಿಗಳು. ಹೊಲದ ಒಡೆಯರ ವಕೀಲ ಎದ್ದು, ಗಿಡ್ಡ ಗುದ್ದಲಿಯಿಂದ ಕೆಲಸ ನಾಜೂಕಾಗುತ್ತದೆ, ಉದ್ದ ಕಾವಿನದು ಕೊಟ್ಟರೆ ಸಸಿಯೇ ಹಾಳು ಎಂದು ವಾದಿಸಿದ. ಮೇಸ್ತ್ರಿಗಳ ಅನುಕೂಲದ ಮಾತನ್ನು ಅವನು ಎತ್ತಲಿಲ್ಲ. ಹೊಲದಂಚಿನ ಗಾಡಿಯಲ್ಲಿ ಕೂತು ಕಣ್ಣು ಹಾಯಿಸಿದರೆ ಸಾಕು, ಬೆನ್ನು ನೆಟ್ಟಗಾದವನು ಕೆಲಸ ನಿಲ್ಲಿಸಿದವನು.

ಸಾಕ್ಷಿ ಹೇಳುತ್ತೇವೆಂದಿದ್ದ ಹನ್ನೆರಡು ಜನರಲ್ಲಿ ಬಂದವರು ಇಬ್ಬರು. ಬುಚೊನ ಬಾಯಿ ಕಟ್ಟಿಹೋಯಿತು. ಎಲಿಯೋದೊರೊನನ್ನು ಕರೆದರು. ಅವನ ಬಾಯೂ ಕಟ್ಟಿತು. ಸುಮ್ಮನೆ ಮೇಜಿನ ಮೇಲಿದ್ದ ಗುದ್ದಲಿ ತೆಗೆದುಕೊಂಡ. ಮೊಳದುದ್ದದ ಕಾವು. ಬಗ್ಗಿದ. ಗೋಡೆಯಿಂದ ಕಿಟಕಿಯ ಕಡೆಗೆ, ಒಂದು ಕೈಯಲ್ಲಿ ಕೆತ್ತುತ್ತ, ಇನ್ನೊಂದರಲ್ಲಿ ಇಲ್ಲದ ಸಸಿ ಬಿಡಿಸುತ್ತ ಹೊರಟ. ಕಿಟಕಿ ಮುಟ್ಟಿ ಎರಡನೆಯ ಸಾಲಿಗೆ ತಿರುಗಿದ. ಮೂರನೆಯದು. ನಾಲ್ಕನೆಯದು. ರತ್ನಗಂಬಳಿಯ ನೂಲು ಎದ್ದು ಬಂತು. ನೋಡುತ್ತ ಕೂತವರು ಒಬ್ಬರ ಹಿಂದೊಬ್ಬರು ಕುರ್ಚಿಯಲ್ಲಿ ತಮ್ಮ ಬೆನ್ನು ಸರಿಮಾಡಿಕೊಳ್ಳತೊಡಗಿದರು.

"ಸಾಕು, ನಮಗೆ ತಿಳೀತು," ಎಂದರು ಅಧ್ಯಕ್ಷರು ಕೊನೆಗೆ.

ದುಭಾಷಿ ಅದನ್ನು ತಿಳಿಸಿದ. ಎಲಿಯೋದೊರೊ ತಲೆ ಎತ್ತಲಿಲ್ಲ.

"ಈಗಿನ್ನೂ ಹನ್ನೊಂದು ನಿಮಿಷ ಆಗಿದೆ ಸ್ವಾಮಿ. ಹೊಲದಲ್ಲಾದ್ರೆ ಊಟದ ಗಂಟೆ ಹೊಡಿಯೋಕೆ ನಾಲ್ಕು ತಾಸು ಬಾಕಿ ಇದೆ."

ಅಂದವನೇ ಮುಂದಿನ ಸಾಲಿಗೆ ತಿರುಗಿದ.

* * *

"ಆಮೇಲೆ ಎರಡು ವರ್ಷಕ್ಕೆ ಗಿಡ್ಡ ಗುದ್ದಲಿ ಕಾನೂನಿಗೆ ವಿರೋಧ ಆಯ್ತು," ಎಂದ ಬುಚೊ. "ಅವನೊಬ್ಬನಿಂದಲೇ ಅಂತಲ್ಲ, ಎಷ್ಟೋ ಜನ ಬಡಿದಾಡಿದ್ರು. ಉದ್ದದ್ದು ಕೈಗೆ ಬಂದ ದಿನ ನಾವಿಬ್ರೂ ಅದನ್ನ ನೆಲಕ್ಕೂರಿ ನಿಂತ್ವಿ. ಕಾವು ನೆಟ್ಟಗಿತ್ತು, ನಾವು ಹೀಗೇ ಇದ್ವಿ. 'ನಮಗೆ ತಡವಾಯ್ತು ಕಣೋ ಬುಚೊ, ಹಿಂದೆ ಬರೋರಿಗೆ ಸರಿಯಾಗಿ ಬಂತು' ಅಂದ. ನಗ್ತಿದ್ದ ಮುಂಡೇದು."

ಇರ್ಮಾ ಅಪ್ಪನ ಬೆನ್ನಿನಡಿಗೆ ಅಂಗೈ ತೂರಿಸಿದಳು. ತಣ್ಣಗಿನ ಆ ಕಮಾನನ್ನು ಅವಳು ಮುಟ್ಟಿದ್ದು ಅದೇ ಮೊದಲು. ಕೈ ತೆಗೆಯಲು ಮನಸ್ಸಾಗಲಿಲ್ಲ.

"ಅಮ್ಮ, ಅಪ್ಪ ಹೇಗೆ ಮಲಗ್ತಿದ್ರು?"

"ಬಲ ಮಗ್ಗುಲಿಗೆ. ಮಂಡಿ ಮಡಿಸ್ಕೊಂಡು, ನನ್ನ ಕಡೆ ಮುಖ ಮಾಡಿ."

"ಪಚೆಕೊ, ಹಾಗೇ ಮಲಗಿಸಿ."

"ಮಗ್ಗುಲಿಗಾ? ಮೂವತ್ತು ವರ್ಷದಲ್ಲಿ ಯಾರನ್ನೂ ಹಾಗೆ..."

"ಹಾಗಾದ್ರೆ ಇವತ್ತು ಹೊಸದೊಂದು ಕಲಿತೆ ಅನ್ಕೋ," ಎಂದ ಬುಚೊ. "ಅಗಲದ ಪೆಟ್ಟಿಗೆ ತಾ ಹೋಗು."

ಎರಡು ಗಂಟೆಗೆ ಬಾಗಿಲು ತೆರೆಯಿತು. ಮೊದಲು ಮುದುಕರು ಬಂದರು, ಊರುಗೋಲು ಟಕಟಕ ಅನ್ನಿಸುತ್ತ. ಪೆಟ್ಟಿಗೆಯ ಬಳಿ ಬಂದಾಗ ಅವರ ಮುಖಗಳು ಆಗಲೇ ಅವನ ಮುಖದ ಹತ್ತಿರವಿದ್ದವು. ದಾರಿಯಲ್ಲಿ ಎದುರಾದ ಗೆಳೆಯನಿಗೆ ಮುತ್ತಿಡುವಂತೆ ಹಣೆಗೆ ಮುತ್ತಿಟ್ಟು ಸರಿದರು.

ಅವರ ಹಿಂದೆ, ಹೊಲದಿಂದ ನೇರ ಬಂದವರು. ಕಾಲಿಗೆ ಕೆಸರು, ಎದೆಗೊತ್ತಿದ ಹ್ಯಾಟು. ನಲವತ್ತರವರು, ಮೂವತ್ತರವರು, ಇಪ್ಪತ್ತರವರು. ಸಾಲು ಬಾಗಿಲು ದಾಟಿ, ಮೆಟ್ಟಿಲಿಳಿದು, ಬೀದಿಯ ನೀಲಗಿರಿ ಮರಗಳವರೆಗೆ ಹೋಗಿತ್ತು. ಇರ್ಮಾ ಚಿಕ್ಕಂದಿನಿಂದ ನೋಡಿದ್ದ ಜನವೇ, ಆದರೆ ಹೀಗೆ ಒಟ್ಟಿಗೆ ಕಂಡಿರಲಿಲ್ಲ. ಸಾಲಿನ ನಡುವೆ ಯಾರೋ ಗೆರೆ ಎಳೆದಂತಿತ್ತು. ಗೆರೆಯ ಈಚೆ ಒಂದೂ ನೆಟ್ಟಗಿನ ಬೆನ್ನಿಲ್ಲ. ಆಚೆ ಒಂದೂ ಬಾಗಿದ ಬೆನ್ನಿಲ್ಲ.

ಗೆರೆಯಾಚೆಯ ಮೊದಲನೆಯವಳು ಎತ್ತರದ ಹೆಂಗಸು. ಮಗ್ಗುಲಿಗೆ ಮಲಗಿದವನ ಮುಖ ಅಷ್ಟು ಮೇಲಿನಿಂದ ಅವಳಿಗೆ ಕಾಣಲಿಲ್ಲ. ಮಂಡಿಯ ಮೇಲೆ ಕೈಯೂರಿ, ಸೊಂಟ ಬಗ್ಗಿಸಿ, ಅವನ ಕಣ್ಣಿನ ಮಟ್ಟಕ್ಕೆ ಇಳಿದಳು. ಒಂದು ಕ್ಷಣ ಹಾಗೇ ಇದ್ದು, ಸಲೀಸಾಗಿ ನೆಟ್ಟಗೆದ್ದು ಮುಂದೆ ಹೋದಳು. ಅವಳ ಹಿಂದಿನವನು ಬಗ್ಗಿದ, ಎದ್ದ. ಅವನ ಹಿಂದಿನವನು ಬಗ್ಗಿದ.