ಮುಚ್ಚಿದ ಗ್ಯಾಲರಿಯ ಎಂಟು ಸಾವಿರ ಕುರ್ಚಿ

ನಮ್ಮ ಮನೆಯ ಬಾಲ್ಕನಿಯಲ್ಲಿ ಎರಡು ಕೆಂಪು ಪ್ಲಾಸ್ಟಿಕ್ ಕುರ್ಚಿಗಳಿವೆ. ಹುಟ್ಟುವಾಗ ಅವಕ್ಕೆ ಕಾಲಿರಲಿಲ್ಲ. ಕಬ್ಬಿಣದ ಪಟ್ಟಿ ಬಗ್ಗಿಸಿ ಕಾಲು ಮಾಡಿಕೊಟ್ಟವನು ಅಪ್ಪ. ಫುಟ್‌ಬಾಲ್ ಸ್ಟೇಡಿಯಮ್ಮಿನ ಪೂರ್ವ ಗ್ಯಾಲರಿಗೆ ಕುರ್ಚಿ ಹಾಕಿದಾಗ ಅವನು ಅಲ್ಲಿ ಫಿಟ್ಟರ್ ಆಗಿದ್ದ. ಎಂಟು ಸಾವಿರ ಕುರ್ಚಿ, ಒಂದೊಂದಕ್ಕೆ ನಾಲ್ಕು ಬೋಲ್ಟು. ಹನ್ನೊಂದು ಜನ ಸೇರಿ ಮಾಡಿದ ಕೆಲಸ ಅದು, ಆದರೆ ಅಪ್ಪನ ಮಾತಿನಲ್ಲಿ ಉಳಿದ ಹತ್ತು ಜನ ಎಂದೂ ಬರುತ್ತಿರಲಿಲ್ಲ. ಬಿರುಕು ಬಿಟ್ಟವೆಂದು ಪಕ್ಕಕ್ಕೆ ಎಸೆದಿದ್ದ ಎರಡನ್ನು ಮೇಸ್ತ್ರಿಯನ್ನು ಕೇಳಿ ಮನೆಗೆ ತಂದಿದ್ದ.

ಒಂದು ಅಪ್ಪನದು. ಇನ್ನೊಂದು ಕಂಡಕ್ಟರ್ ಮಾಮನದು.

ಕಂಡಕ್ಟರ್ ಮಾಮ ಎದುರಿನ ಮನೆಯವರು, ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತರಾದವರು. ಅಪ್ಪ ಕೆಂಪು ಕ್ಲಬ್ಬಿನವನು, ಅವರು ಹಸಿರು ಕ್ಲಬ್ಬಿನವರು. ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಬರುವರು. ನಾನು ಚಹಾ ಇಡುವಷ್ಟರಲ್ಲಿ ಜಗಳ ಶುರುವಾಗಿರುತ್ತಿತ್ತು. ಆಟದ ಬಗ್ಗೆ ಅವರು ಹೆಚ್ಚು ಮಾತಾಡಿದ್ದನ್ನು ನಾನು ಕೇಳಿಲ್ಲ. ಗೋಲು, ಪೆನಾಲ್ಟಿ ಎಲ್ಲ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಉಳಿದದ್ದೆಲ್ಲ ಯಾರ ಕ್ಲಬ್ಬಿಗೆ ಎಷ್ಟು ಸಾಲ, ಯಾವ ಆಟಗಾರನಿಗೆ ಎಷ್ಟು ಸಂಬಳ, ಯಾರ ಸ್ಟೇಡಿಯಮ್ಮು ಎಷ್ಟು ದೊಡ್ಡದು. ಜೇಬಿನಲ್ಲಿ ಕ್ಲಬ್ಬಿನ ಒಂದು ಪೈಸೆಯೂ ಇಲ್ಲದ ಇಬ್ಬರು, ಮಂಡಳಿಯ ಸದಸ್ಯರ ಹಾಗೆ ಗಂಟೆಗಟ್ಟಲೆ ತಲೆಕೆಡಿಸಿಕೊಳ್ಳುತ್ತಿದ್ದರು.

ಹಸಿರು ಕ್ಲಬ್ಬಿನದು ಹನ್ನೆರಡು ಸಾವಿರ ಜನರ ಪುಟ್ಟ ಮೈದಾನ, ಆದರೆ ಸ್ವಂತದ್ದು, ಸಾಲವಿಲ್ಲ. ಕೆಂಪು ಕ್ಲಬ್ಬಿನದು ದೊಡ್ಡ ಸ್ಟೇಡಿಯಮ್ಮು, ಬ್ಯಾಂಕಿನ ಸಾಲದ ಮೇಲೆ ನಿಂತದ್ದು. ನೂರು ಬಂದರೆ ತೊಂಬತ್ತು ಆಟಗಾರರ ಸಂಬಳಕ್ಕೇ ಹೋಗುತ್ತಿತ್ತು. ನಿಮ್ಮ ಕ್ಲಬ್ಬಲ್ಲಿ ಓಡೋದು ಬಡ್ಡಿ ಒಂದೇ, ಆಟಗಾರರು ನಡೀತಾರೆ ಎಂದು ಮಾಮ ಕಿಚಾಯಿಸುವರು. ನಿಮ್ಮ ಮೈದಾನ ತುಂಬಿದ್ರೂ ಬಸ್ ನಿಲ್ದಾಣದಷ್ಟೇ ಜನ, ಅದಕ್ಕೇ ನಿನಗೆ ಅಲ್ಲಿ ಡ್ಯೂಟಿ ಮೇಲಿದ್ದ ಹಾಗೆ ಅನ್ಸುತ್ತೆ ಎಂದು ಅಪ್ಪ ತಿರುಗಿ ಕೊಡುವನು.

ಎಲ್ಲಕ್ಕಿಂತ ದೊಡ್ಡ ಜಗಳ ಪೂರ್ವ ಗ್ಯಾಲರಿಯದು. ಮೆಟ್ಟಿಲು ಕಿರಿದು, ಬೆಂಕಿ ಬಿದ್ದರೆ ಜನ ಹೊರಬರಲಾರರು ಎಂದು ಹತ್ತು ವರ್ಷಗಳ ಹಿಂದೆ ಅದಕ್ಕೆ ಬೀಗ ಜಡಿದಿದ್ದರು. ಹಾಗಾದರೆ ಸ್ಟೇಡಿಯಮ್ಮಿನಲ್ಲಿ ಎಷ್ಟು ಜಾಗ? ಇಪ್ಪತ್ತಾರು ಸಾವಿರ ಎಂದು ಅಪ್ಪ. ಹದಿನೆಂಟು ಎಂದು ಮಾಮ. ಕುರ್ಚಿ ಇದೆ, ನಾನೇ ಬಿಗಿದದ್ದು ಎಂದು ಅಪ್ಪ. ಕುರ್ಚಿ ಎಣಿಸೋದಲ್ಲ ಫಿಟ್ಟರ್, ತಲೆ ಎಣಿಸಬೇಕು ಎಂದು ಮಾಮ. ಖಾಲಿ ಸೀಟಿಗೆ ಟಿಕೆಟ್ ಹರಿಯದ ಕಸುಬಿನವರು ಅವರು. ಆ ಗ್ಯಾಲರಿಗೆಂದೇ ಬಂದಿದ್ದ ಕುರ್ಚಿಯ ಮೇಲೆ ಕೂತೇ ಅದು ಲೆಕ್ಕಕ್ಕಿಲ್ಲ ಅಂತೀಯಲ್ಲ ಎಂದು ಅಪ್ಪ ಗೊಣಗುತ್ತಿದ್ದ.

ಅಮ್ಮ ಇದ್ದಾಗ ಒಮ್ಮೆ ಒಗ್ಗರಣೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು, ಇವರಿಬ್ಬರಲ್ಲಿ ಯಾರಾದರೂ ಒಪ್ಪಿಕೊಂಡ ದಿನ ನನ್ನನ್ನ ಕರೀರಿ, ಡಾಕ್ಟರಿಗೆ ಫೋನ್ ಮಾಡೋಣ ಎಂದಿದ್ದಳು. ಎಲ್ಲರೂ ನಕ್ಕಿದ್ದೆವು. ಆರು ವರ್ಷಗಳ ಹಿಂದೆ ಅಮ್ಮ ಹೋದಳು. ಮರುವಾರ ಮೂರು ಗಂಟೆಗೆ ಮಾಮ ಬಂದರು, ಕೆಂಪು ಕುರ್ಚಿಯಲ್ಲಿ ಕೂತರು, ಬಹಳ ಹೊತ್ತು ನೆಲ ನೋಡಿದರು, ಆಮೇಲೆ ಹದಿನೆಂಟು ಎಂದರು. ಅಪ್ಪ ಇಪ್ಪತ್ತಾರು ಎಂದ. ಅಡುಗೆಮನೆಯಲ್ಲಿ ನಿಂತಿದ್ದ ನನಗೆ ಆ ವಾರದಲ್ಲಿ ಮೊದಲ ಸಲ ಉಸಿರು ಬಂತು.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ್ದನ್ನು ಈಗ ಹೇಳಬೇಕು.

ಕಳೆದ ವರ್ಷ ಅಪ್ಪನಿಗೆ ಊಟ ಸೇರದಾಯಿತು. ಪ್ಯಾಂಟಿನ ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಮಾಡಿಕೊಂಡ, ಹದಿನೈದು ದಿನಕ್ಕೆ ಇನ್ನೊಂದು. ನಾನು ತೂತು ಎಣಿಸುತ್ತಿದ್ದೆ. ಚಿಕ್ಕಂದಿನಿಂದ ನಾನು ಹೀಗೇ. ಯಾರ ತಟ್ಟೆಯಲ್ಲಿ ಎಷ್ಟು ಉಳಿಯಿತು, ಯಾರು ಮೆಟ್ಟಿಲ ಮೇಲೆ ಎಷ್ಟು ಸಲ ನಿಂತರು ಎಂದು ನೋಡುತ್ತಲೇ ಇರುವವಳು. ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರು ನನ್ನೊಬ್ಬಳನ್ನೇ ಕರೆದು ಲಿವರಿನಲ್ಲಿ ಗಂಟುಗಳಿವೆ, ಮೂರು ತಿಂಗಳು, ಹೆಚ್ಚೆಂದರೆ ನಾಲ್ಕು ಎಂದರು. ಅಪ್ಪ ಆಚೆ ಬೆಂಚಿನ ಮೇಲೆ ಕೂತು, ಆ ಬೆಂಚಿನ ಸಡಿಲವಾದ ತಿರುಪನ್ನು ಉಗುರಿನಿಂದ ತಿರುಗಿಸುತ್ತಿದ್ದ.

ಅದೇ ವಾರ ಪತ್ರಿಕೆಯಲ್ಲಿ ಸುದ್ದಿ ಬಂದಿತ್ತು. ಪೂರ್ವ ಗ್ಯಾಲರಿಗೆ ಹೊಸ ಮೆಟ್ಟಿಲು ಕಟ್ಟಿ, ಮುಂದಿನ ಸೀಸನ್ನಿಗೆ, ಎಂದರೆ ಏಳು ತಿಂಗಳ ನಂತರ, ಬಾಗಿಲು ತೆರೆಯುತ್ತಾರೆ. ಅಪ್ಪ ಆ ತುಣುಕನ್ನು ಕತ್ತರಿಸಿ ಬಾಲ್ಕನಿಯ ಗೋಡೆಗೆ ಅಂಟಿಸಿದ್ದ. ಹದಿನಾಲ್ಕನೇ ಸಾಲಿನಲ್ಲಿ ಕೂರುತ್ತೇನೆ, ಪಕ್ಕದಲ್ಲಿ ಕಂಡಕ್ಟರನನ್ನು ಕೂರಿಸಿ ತಲೆ ಎಣಿಸು ಎನ್ನುತ್ತೇನೆ ಎಂದು ಹೇಳಿಕೊಂಡು ಓಡಾಡುತ್ತಿದ್ದ. ಅದಕ್ಕೇ ನಾನು ಸುಳ್ಳು ಹೇಳಿದೆ. ಊತ, ಮಾತ್ರೆಗೆ ಇಳಿಯುತ್ತದೆ, ಸಮಯ ಬೇಕು ಎಂದೆ. ಏಳು ತಿಂಗಳು ಅವನಿಗೆ ಸಿಗದಿದ್ದರೂ ಕಾಯುವ ಸುಖವಾದರೂ ಕೊನೆಯವರೆಗೆ ಸಿಗಲಿ ಎಂಬುದೇ ನನ್ನ ಆಸೆ. ನಾನು ವಿಮಾ ಕಚೇರಿಯಲ್ಲಿ ಪತ್ರ ಬರೆಯುವವಳು. ಪರಿಹಾರ ಸಿಗುವುದಿಲ್ಲ ಎಂಬುದನ್ನು ನೋವಾಗದ ಮಾತಿನಲ್ಲಿ ತಿಳಿಸುವುದು ನನ್ನ ಕೆಲಸ. ಅಪ್ಪ ನಂಬಿದ.

ಭಾನುವಾರಗಳು ಮಾತ್ರ ನನಗೆ ಭಯ ಹುಟ್ಟಿಸುತ್ತಿದ್ದವು. ಜಗಳದ ನಡುವೆ ಅಪ್ಪನಿಗೆ ಕೆಮ್ಮು ಬರುತ್ತಿತ್ತು, ಕತ್ತಿನ ನರ ಉಬ್ಬುತ್ತಿತ್ತು, ಸಂಜೆ ಗೋಡೆ ಹಿಡಿದು ಒಳಗೆ ಬರುತ್ತಿದ್ದ. ಒಂದು ಬೆಳಗ್ಗೆ ಮಾಮ ಹಾಲಿನ ಅಂಗಡಿಯಿಂದ ಬರುವಾಗ ಮೆಟ್ಟಿಲ ಬಳಿ ತಡೆದು ಎಲ್ಲ ಹೇಳಿಬಿಟ್ಟೆ. ಅವರು ಕೈಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು, ಮತ್ತೆ ಮೊದಲಿನ ಕೈಗೆ ತಂದರು. ಇನ್ನು ಮೇಲೆ ಜಗಳ ಬೇಡ, ಅಪ್ಪ ಹೇಳಿದ್ದಕ್ಕೆ ಹೂಂ ಅನ್ನಿ ಎಂದು ಬೇಡಿಕೊಂಡೆ.

"ನಾನು ಸೋತ್ರೆ ಅವನಿಗೆ ಖುಷಿಯಾಗುತ್ತೆ ಅಂತೀಯಾ?" ಎಂದರು.

"ಆಗುತ್ತೆ ಮಾಮ. ಒಂದು ಸಲ ಗೆದ್ದೆ ಅಂತ ಅವನಿಗೂ ಅನ್ನಿಸಲಿ."

"ನಂಗ್ಯಾಕೋ ಸರಿ ಕಾಣ್ತಿಲ್ಲ ಕಣಮ್ಮಾ."

ನಾನು ಬಿಡಲಿಲ್ಲ. ಹೇಗೆ ಹೇಳಬೇಕೆಂದೂ ಹೇಳಿಕೊಟ್ಟೆ. ಒಮ್ಮೆಲೇ ಸೋಲಬೇಡಿ, ಮೊದಲು ಸ್ವಲ್ಪ ಯೋಚಿಸಿದ ಹಾಗೆ ಮಾಡಿ, ಆಮೇಲೆ ಇರಬಹುದು ಅನ್ನಿ. ಅವರು ಶಾಲೆಯ ಹುಡುಗನ ಹಾಗೆ ತಲೆಯಾಡಿಸಿದರು.

ಆ ಭಾನುವಾರ ಮೂರಕ್ಕೆ ಬಂದರು. ನಾನು ಚಹಾ ತಂದು, ಒಗೆದ ಬಟ್ಟೆ ಮಡಚುವ ನೆಪದಲ್ಲಿ ಬಾಲ್ಕನಿಯ ಬಾಗಿಲಲ್ಲೇ ಕೂತೆ. ಅಪ್ಪ ಗೋಡೆಯ ಪತ್ರಿಕೆಯ ತುಣುಕನ್ನು ತೋರಿಸಿ, ತೆರೆಯೋದಂತೂ ಗ್ಯಾರಂಟಿ, ಈಗಲಾದರೂ ಇಪ್ಪತ್ತಾರು ಅನ್ನು ಎಂದ. ಮಾಮ ಯೋಚಿಸಿದ ಹಾಗೆ ಮಾಡಿದರು. ನಾನು ಹೇಳಿಕೊಟ್ಟಿದ್ದಕ್ಕಿಂತ ಹೆಚ್ಚು ಹೊತ್ತೇ ಆಯಿತು.

"ಇರಬಹುದು ಫಿಟ್ಟರ್," ಎಂದರು. "ಕುರ್ಚಿ ಇದ್ದ ಮೇಲೆ ಲೆಕ್ಕಕ್ಕೆ ಬರಬೇಕು. ನೀನು ಹೇಳೋದೇ ಸರಿ."

ಅಪ್ಪ ನಗುತ್ತಾನೆ ಎಂದುಕೊಂಡಿದ್ದೆ. ಅವನು ಬಾಯಿಗೆ ತಂದಿದ್ದ ಲೋಟವನ್ನು ಹಾಗೇ ಹಿಡಿದುಕೊಂಡ.

ಆಮೇಲೆ ಅಪ್ಪ ಮೆಲ್ಲಗೆ, ಬೋಲ್ಟು ಬಿಗಿಯಾಗಿದೆಯೇ ಎಂದು ಸ್ಪ್ಯಾನರ್ ಇಟ್ಟು ನೋಡುವವನ ಹಾಗೆ, ಇನ್ನೊಂದು ಮಾತು ಬಿಟ್ಟ.

"ನಮ್ಮ ಕ್ಲಬ್ಬಿಗೆ ಈಗ ಸಾಲವೇ ಇಲ್ವಂತೆ. ಎಲ್ಲ ತೀರಿಸಿದ್ರಂತೆ."

ಅದು ಶುದ್ಧ ಸುಳ್ಳು. ಕ್ಲಬ್ಬು ಸಂಬಳ ಕೊಡಲಾಗದೆ ಇಬ್ಬರು ಆಟಗಾರರನ್ನು ಮಾರಿದ್ದು ಹಿಂದಿನ ವಾರದ ಪತ್ರಿಕೆಯಲ್ಲೇ ಬಂದಿತ್ತು. ಅದನ್ನು ಮಾಮನೇ ಕತ್ತರಿಸಿ ತಮ್ಮ ಹಳೆಯ ಟಿಕೆಟ್ ಚೀಲದಲ್ಲಿ ಇಟ್ಟುಕೊಂಡಿದ್ದರು. ಚೀಲ ಅವರ ತೊಡೆಯ ಮೇಲೆಯೇ ಇತ್ತು.

ಮಾಮ ನನ್ನ ಕಡೆ ನೋಡಿದರು. ನಾನು ಕಣ್ಣಿನಲ್ಲೇ ಹೂಂ ಎಂದೆ.

"ಹೌದಂತೆ," ಎಂದರು. "ನಾನೂ ಓದಿದೆ."

ಅಪ್ಪ ಲೋಟವನ್ನು ಕಟ್ಟೆಯ ಮೇಲಿಟ್ಟ. ನಿನ್ನ ಮಂಡಿನೋವು ಹೇಗಿದೆ ಎಂದು ಕೇಳಿದ. ಇಷ್ಟು ವರ್ಷಗಳಲ್ಲಿ ಭಾನುವಾರ ಮೂರು ಗಂಟೆಗೆ ಅವನು ಆ ಮನುಷ್ಯನ ಮಂಡಿಯನ್ನು ವಿಚಾರಿಸಿದ್ದು ಅದೇ ಮೊದಲು. ಎಣ್ಣೆ, ಬಿಸಿನೀರು ಎಂದು ಸ್ವಲ್ಪ ಹೊತ್ತು ಮಾತಾಡಿದರು. ನಾಲ್ಕಾಗುವ ಮೊದಲೇ ಮಾಮ ಎದ್ದುಹೋದರು.

ನಾನು ಲೋಟ ಎತ್ತಲು ಹೋದಾಗ ಅಪ್ಪ ನನ್ನ ಮಣಿಕಟ್ಟು ಹಿಡಿದ.

"ಒಂಬತ್ತು ವರ್ಷ ಒಂದು ಕುರ್ಚಿ ಬಿಟ್ಟುಕೊಡದವನು ಇವತ್ತು ಎಂಟು ಸಾವಿರ ಬಿಟ್ಟುಕೊಟ್ಟ. ಡಾಕ್ಟರು ಏನಂದ್ರು, ಹೇಳು."

ಊತ, ಕೆಲವರಿಗೆ ನಿಧಾನ, ಸದ್ಯದ ಪರಿಸ್ಥಿತಿಯಲ್ಲಿ ಎಂದು ಏನೇನೋ ಶುರು ಮಾಡಿದೆ.

"ಆಫೀಸಿನ ಕಾಗದ ಓದಬೇಡ ಮಗಳೇ."

ಹೇಳಿದೆ. ಮೂರು, ಹೆಚ್ಚೆಂದರೆ ನಾಲ್ಕು, ಅದರಲ್ಲಿ ಒಂದು ಆಗಲೇ ಕಳೆದಿದೆ ಎಂದೆ. ಅವನು ಗೋಡೆಯ ಮೇಲಿನ ತುಣುಕನ್ನು ನೋಡಿದ. ತಿಂಗಳುಗಳನ್ನು ಬೆರಳಿನಲ್ಲಿ ಎಣಿಸಲಿಲ್ಲ, ಎಣಿಸುವ ಅಗತ್ಯವಿರಲಿಲ್ಲ. ನನ್ನ ಮೇಲೆ ಕೂಗಾಡಿದ್ದರೆ ಒಳ್ಳೆಯದಿತ್ತು. ನಿನಗೆ ಒಬ್ಬಳೇ ಇಟ್ಟುಕೊಂಡಿರೋಕೆ ಕಷ್ಟ ಆಗಿರಬೇಕು ಎಂದ. ಆಮೇಲೆ, ಅಮ್ಮ ಸರಿಯಾಗೇ ಹೇಳಿದ್ದಳು ನೋಡು, ಅವನು ಒಪ್ಪಿಕೊಂಡ ದಿನ ಡಾಕ್ಟರ ಮಾತು ಬಂತು ಎಂದು ಸ್ವಲ್ಪ ನಕ್ಕ. ನಗು ಕೆಮ್ಮಾಯಿತು.

ಮುಂದಿನ ಭಾನುವಾರ ಅವನೇ ಹೇಳಿಕಳಿಸಿದ: ಸರಿಯಾಗಿ ಜಗಳ ಆಡೋದಿದ್ದರೆ ಬಾ, ಇಲ್ಲದಿದ್ದರೆ ಬರಬೇಡ. ಮಾಮ ಬಂದರು. ಚೀಲದಿಂದ ಪತ್ರಿಕೆಯ ತುಣುಕು ತೆಗೆದರು, ಮಾರಿದ ಆಟಗಾರರ ಬಗ್ಗೆ ಓದಿದರು, ಹದಿನೆಂಟು ಎಂದರು. ಅಪ್ಪ ಇಪ್ಪತ್ತಾರು ಎಂದ. ಬಡ್ಡಿ ಓಡುವ ಹಳೆಯ ಮಾತೂ ಬಂತು, ಬಸ್ ನಿಲ್ದಾಣದ ಮಾತೂ ಬಂತು. ಯಾವ ಮಾತೂ ತಪ್ಪಿರಲಿಲ್ಲ. ಆದರೆ ಮಾಮ ಪ್ರತಿ ಮಾತಿನ ನಂತರ ಅಪ್ಪನ ಮುಖ ನೋಡುತ್ತಿದ್ದರು, ಅಪ್ಪ ಕೆಮ್ಮಿದಾಗೆಲ್ಲ ಅವರ ದನಿ ತಾನಾಗಿಯೇ ಇಳಿಯುತ್ತಿತ್ತು. ಅರ್ಧ ಗಂಟೆಯಲ್ಲಿ ಅಪ್ಪ ಕೈಯೆತ್ತಿದ.

"ಸಾಕು ಬಿಡು ಕಂಡಕ್ಟರ್. ಥ್ರೆಡ್ ಸವೆದ ಬೋಲ್ಟು ಇದು. ತಿರುಗುತ್ತೆ, ಬಿಗಿ ಕೂರಲ್ಲ."

ಮಾಮ ಆಮೇಲೂ ಪ್ರತಿ ಭಾನುವಾರ ಬಂದರು, ಆಮೇಲೆ ಪ್ರತಿ ದಿನ ಬಂದರು, ಅಪ್ಪನಿಗೆ ಎದ್ದು ಕೂರಲಾಗದಾದಾಗ ಒಳಗಿನ ಮಂಚದ ಪಕ್ಕ ಕೂತರು. ಬೆನ್ನಿಗೆ ದಿಂಬು ಇಟ್ಟರು, ಉಗುರು ಕತ್ತರಿಸಿದರು. ಜಗಳ ಮಾತ್ರ ಮತ್ತೆ ಆಡಲಿಲ್ಲ. ನಾನು ಒಂದೇ ಮಧ್ಯಾಹ್ನದಲ್ಲಿ ಹಾಳುಮಾಡಿದ್ದನ್ನು ಅವರ ಎಷ್ಟೋ ದಿನಗಳ ಸೇವೆ ತುಂಬಲಿಲ್ಲ. ಆ ಮಧ್ಯಾಹ್ನದಿಂದ ಒಂಬತ್ತನೇ ವಾರ ಅಪ್ಪ ಹೋದ.

ಪೂರ್ವ ಗ್ಯಾಲರಿ ಹೇಳಿದ ದಿನಕ್ಕೇ ತೆರೆಯಿತು. ಅದರ ಮರುದಿನ ಭಾನುವಾರ, ಮೂರು ಗಂಟೆಗೆ ಮಾಮ ಬಂದು ಬಾಲ್ಕನಿಯಲ್ಲಿ ತಮ್ಮ ಕುರ್ಚಿಯಲ್ಲಿ ಕೂತರು. ನಾನು ಅಡುಗೆಮನೆಯ ಸ್ಟೂಲು ತಂದು ಕೂತೆ. ಅವರು ಚೀಲದಿಂದ ಪತ್ರಿಕೆಯ ತುಣುಕು ತೆಗೆದು ನನ್ನ ಕೈಗಿಟ್ಟರು. ಹೊಸ ಮೆಟ್ಟಿಲಿಗಾಗಿ ನಾನೂರು ಕುರ್ಚಿ ಕಿತ್ತಿದ್ದಾರೆ. ಈಗ ಸ್ಟೇಡಿಯಮ್ಮಿನಲ್ಲಿ ಇಪ್ಪತ್ತೈದು ಸಾವಿರದ ಆರುನೂರು ಜಾಗ.

"ಅವನದೂ ತಪ್ಪು, ನಂದೂ ತಪ್ಪು," ಎಂದರು. "ಅವನು ಇದಕ್ಕೆ ಏನಂತಿದ್ದ, ಹೇಳು."

ನನಗೆ ಗೊತ್ತಿತ್ತು. ಇಷ್ಟು ವರ್ಷ ಬಾಗಿಲಲ್ಲಿ ಕೂತು ಕೇಳಿದವಳಿಗೆ ಗೊತ್ತಿಲ್ಲದೆ ಇರುತ್ತದೆಯೇ?

"ಕುರ್ಚಿ ಕಿತ್ತರೇನಾಯ್ತು, ನನ್ನ ಬೋಲ್ಟು ಇನ್ನೂ ಕಾಂಕ್ರೀಟಲ್ಲೇ ಇದೆ. ಇಪ್ಪತ್ತಾರೇ, ಅಂತಿದ್ದ."

ಮಾಮನ ಬೆನ್ನು ನೆಟ್ಟಗಾಯಿತು. "ಬೋಲ್ಟಿನ ಮೇಲೆ ಯಾರಯ್ಯಾ ಕೂರ್ತಾರೆ," ಎಂದರು, ಹಳೆಯ ದನಿಯಲ್ಲಿ, ಗಟ್ಟಿಯಾಗಿ, ಎದುರಿನ ಕುರ್ಚಿಯ ಕಡೆಗೆ ಬೆರಳು ತೋರಿಸಿ.

ಬೆರಳು ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅವರು ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಚೀಲದ ಬಾಯಿ ಮುಚ್ಚಿದರು. ನಾನು ಚಹಾ ತರಲು ಎದ್ದೆ. ಒಲೆಯ ಮುಂದೆ ನಿಂತು ನೋಡಿದರೆ ಎರಡಲ್ಲ, ಮೂರು ಲೋಟದ ನೀರಿಟ್ಟಿದ್ದೆ.