ಗೇರು ಒದೆಯುವ ಕಾರು

ಧನಲಕ್ಷ್ಮಿಯ ಎಡಗಾಲು ಹುಟ್ಟಿದ ವರ್ಷವೇ ಪೋಲಿಯೋಗೆ ಸೋತಿತ್ತು. ಕ್ಲಚ್ ತುಳಿಯುವ ಕಾರು ಅವಳಿಂದ ಆಗದ ಮಾತು. ಅದಕ್ಕೇ ಹೊಲಿಗೆ ತರಗತಿ ನಡೆಸಿ ಕೂಡಿಟ್ಟ ಹಣದಲ್ಲಿ ತನ್ನ ಹೆಸರಿಗೇ ಆಟೊಮ್ಯಾಟಿಕ್ ಕಾರು ಕೊಂಡಳು. ವಿದ್ಯಾರಣ್ಯಪುರದಿಂದ ಮತ್ತಿಕೆರೆಯ ತರಗತಿಗೆ ಯಾರ ಹೆಗಲೂ ಹಿಡಿಯದೆ ಹೋಗಿಬರತೊಡಗಿದ ಮೇಲೆ ಅವಳ ಮಾತಿಗೇ ಒಂದು ಗತ್ತು ಬಂದಿತ್ತು. ಗಂಡ ಭೀಮರಾಜನಿಗೆ ಆ ಗತ್ತು ಹಿಡಿಸಿರಲಿಲ್ಲ.

ವರ್ಷ ತುಂಬುವ ಮೊದಲೇ ಕಾರು ಒದೆಯಲು ಶುರುಮಾಡಿತು. ಬೆಳಗ್ಗೆ ಹೊರಟಾಗ ಸರಿಯಿರುತ್ತಿತ್ತು. ಟ್ರಾಫಿಕ್ಕಿನಲ್ಲಿ ತೆವಳಿ ತೆವಳಿ ಗಾಡಿ ಬಿಸಿಯಾದಮೇಲೆ, ಗೇರು ಬದಲಾದಾಗಲೆಲ್ಲ ಹಿಂದಿನಿಂದ ಯಾರೋ ಗುದ್ದಿದ ಹಾಗೆ. ವಾರಂಟಿ ಇದೆಯಲ್ಲ ಎಂಬ ಧೈರ್ಯದಲ್ಲಿ ಹೆಬ್ಬಾಳದ ಸರ್ವಿಸ್ ಸೆಂಟರಿಗೆ ಒಯ್ದಳು. ಅಲ್ಲಿನ ಅಡ್ವೈಸರ್ ಜಗನ್ ಹೊಸ ಸಾಫ್ಟ್‌ವೇರ್ ಹಾಕಿಸಿ ಕಳಿಸಿದ. ಒದೆತ ನಿಲ್ಲಲಿಲ್ಲ. ಮತ್ತೆ ಒಯ್ದು ಬಿಟ್ಟುಬಂದಳು. ಮರುದಿನ ಕರೆದಾಗ ಭೀಮರಾಜನೂ ಜೊತೆಗೆ ಬಂದ.

ರಾತ್ರಿಯೆಲ್ಲ ನಿಂತು ತಣ್ಣಗಾಗಿದ್ದ ಕಾರನ್ನು ಜಗನ್ ಸರ್ವಿಸ್ ರಸ್ತೆಯಲ್ಲಿ ಒಂದೇ ಸುತ್ತು ಹಾಕಿ ತಂದ. ಗಾಡಿಯಲ್ಲಿ ದೋಷವಿಲ್ಲ, ಮೇಡಂ ಎರಡೂ ಕಾಲಲ್ಲಿ ಬ್ರೇಕು, ಆಕ್ಸಿಲರೇಟರು ಒಟ್ಟಿಗೆ ತುಳಿಯುತ್ತಿರಬೇಕು ಎಂದ. ಎಡಗಾಲು ಎತ್ತಲಿಕ್ಕೇ ಬರುವುದಿಲ್ಲವೆಂದು ಅವಳು ಹೇಳಿದಳು. ಜಗನ್ ಭೀಮರಾಜನ ಮುಖ ನೋಡಿದ.

"ಸ್ವಲ್ಪ ಬರುತ್ತೆ ಕಣ್ರೀ," ಎಂದ ಭೀಮರಾಜ. "ತೋರ್ಸು ಧನೂ. ಸೀರೆ ಸ್ವಲ್ಪ ಮೇಲೆತ್ತಿ ತೋರ್ಸು, ನಾಚ್ಕೆ ಏನಕ್ಕೆ."

ಕಾಯುತ್ತಿದ್ದ ಗಿರಾಕಿಗಳೆಲ್ಲ ಇತ್ತ ತಿರುಗಿದರು. ಅವಳು ಸೀಟಿನಲ್ಲಿ ಕೂತು, ಎರಡೂ ಕೈಯಿಂದ ತೊಡೆ ಹಿಡಿದು, ಕಾಲನ್ನು ಎತ್ತಿ ಪೆಡಲಿನ ಮೇಲಿಟ್ಟಳು. ಅದು ಒದ್ದೆ ಬಟ್ಟೆಯಂತೆ ಜಾರಿ ಬಿತ್ತು. ಯಾರೋ ಕಿಸಕ್ಕೆಂದರು. ಅಷ್ಟಾದರೂ ಭೀಮರಾಜ, ತಪ್ಪೆಲ್ಲ ಓಡಿಸುವವರದೇ, ಇನ್ನು ಮೇಲೆ ತಾನೇ ಓಡಿಸುತ್ತೇನೆ ಎಂದು ಎಲ್ಲರೆದುರು ಹೇಳಿ ಕೀಯನ್ನು ಜೇಬಿಗಿಳಿಸಿದ.

ಅವಳು ಬಸ್ಸಿಗೆ ಮರಳಿದಳು. ಕಂಡಕ್ಟರ್ ರಟ್ಟೆ ಹಿಡಿದು ಮೇಲೆಳೆದುಕೊಳ್ಳುತ್ತಿದ್ದ, ಹಿಂದಿನವರು ಗೊಣಗುತ್ತಿದ್ದರು.

ಭೀಮರಾಜ ಯಶವಂತಪುರದ ಆಫೀಸಿಗೆ ಕಾರಿನಲ್ಲಿ ಹೋಗತೊಡಗಿದ. ಕಾರು ಅವನನ್ನೂ ಒದೆಯಿತು. ಅವನು ಬಾಯಿ ಬಿಡಲಿಲ್ಲ. ಆದರೆ ಸಂಜೆ ಕತ್ತು ಹಿಡಿದುಕೊಂಡೇ ಒಳಗೆ ಬರುತ್ತಿದ್ದ. ಮೊದಲೇ ಸವೆದಿದ್ದ ಕತ್ತಿನ ಮೂಳೆ. ಡಾಕ್ಟರು ಪಟ್ಟಿ ಹಾಕಿದರು. ಧನಲಕ್ಷ್ಮಿ ಎಣ್ಣೆ ಬಿಸಿಮಾಡಿ ತಿಕ್ಕುತ್ತಿದ್ದಳು, ಏನಾಯಿತೆಂದು ಕೇಳುತ್ತಿರಲಿಲ್ಲ.

ಒಂದು ಭಾನುವಾರ ಜಗನ್ ಅವಳಿಗೆ ಫೋನ್ ಮಾಡಿದ. ಅವಳು ಸ್ಪೀಕರ್ ಹಾಕಿದಳು. ಆ ಮಾಡೆಲಿನ ಗೇರ್‌ಬಾಕ್ಸಿನಲ್ಲೇ ದೋಷವಿದೆಯೆಂದು ಕಂಪನಿ ಒಪ್ಪಿಕೊಂಡಿದೆ, ವಾರಂಟಿ ಮುಗಿಯುವುದರೊಳಗೆ ತಂದರೆ ಹೊಸದು ಹಾಕಿಕೊಡುತ್ತೇವೆ ಎಂದ. ಅವತ್ತಿನ ಸುದ್ದಿಯನ್ನೇ ಎತ್ತಲಿಲ್ಲ. ಸೋಫಾಕ್ಕೆ ಒರಗಿದ್ದ ಭೀಮರಾಜ ಎದ್ದು ಕೂತ. ಅವಳು ಅವನನ್ನೇ ನೋಡುತ್ತ ಹೇಳಿದಳು:

"ನಮ್ ಕಾರಲ್ಲಿ ಏನೂ ತೊಂದ್ರೆ ಇಲ್ಲ ಸರ್. ಈಗ ಯಜಮಾನ್ರೇ ಓಡಿಸ್ತಾರೆ."

ಅವನು ಒಂದು ಮಾತು ಆಡಿದ್ದರೆ ಸಾಕಿತ್ತು. ಕತ್ತಿನ ಪಟ್ಟಿ ಸರಿಮಾಡಿಕೊಂಡು ಮತ್ತೆ ಸೋಫಾಕ್ಕೆ ಒರಗಿದ.

ವಾರಂಟಿ ಮುಗಿಯಿತು. ಚಳಿಗಾಲದ ಹೊತ್ತಿಗೆ ಅವನ ಬಲಗೈ ಜೋಮು ಹಿಡಿದು, ಸ್ಟೀರಿಂಗ್ ಹಿಡಿಯಲಾಗದಾಯಿತು. ಕೀ ತಂದು ಹೊಲಿಗೆ ಮೆಷಿನ್ ಮೇಲಿಟ್ಟು, ಕಾರು ಒದೆಯುತ್ತದೆಂದು ಕೊನೆಗೂ ಒಪ್ಪಿಕೊಂಡ. ಗೊತ್ತು ಎಂದು ಅವಳು ದಾರ ಕಚ್ಚಿ ತುಂಡರಿಸಿದಳು.

ಹೊಸ ಗೇರ್‌ಬಾಕ್ಸಿಗೆ ಈಗ ಕೈಯಿಂದ ಲಕ್ಷಗಟ್ಟಲೆ ಹಾಕಬೇಕಿತ್ತು, ಅಷ್ಟು ಹಣವಿರಲಿಲ್ಲ. ಕಾರು ಗೇಟಿನೊಳಗೆ ನಿಂತೇ ಹೋಯಿತು. ಅವನನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನಗಳಲ್ಲಿ ಇಬ್ಬರೂ ಬಸ್ಸಿಗೆ ಕಾಯುತ್ತಿದ್ದರು. ಅವಳು ಮೊದಲು ಹತ್ತಿ, ಅವನಿಗೆ ಕೈ ಕೊಡದೆ, ಒಳಗೆ ಹೋಗಿ ಕೂರುತ್ತಿದ್ದಳು.